ಹೊಗೆಯೇ ಊದುವ ತಿದಿ

1986ರ ಜುಲೈ 27. ಜರ್ಮನಿಯ ಹಾಕನ್‌ಹೈಮ್ ರೇಸ್ ಟ್ರ್ಯಾಕ್. ಫಾರ್ಮುಲಾ ಒನ್ ಪಂದ್ಯದ 44 ಸುತ್ತುಗಳಲ್ಲಿ ಕಟ್ಟಕಡೆಯ ಸುತ್ತು. ಅಷ್ಟು ಹೊತ್ತು ಕಾಡಿನ ನಡುವಿನ ನೇರ ದಾರಿಗಳಲ್ಲಿ ಸಿಡಿಲಿನಂತೆ ಹಾಯುತ್ತಿದ್ದ ಕೆಂಪು ಬಿಳಿ ಬಣ್ಣದ ಮೆಕ್ಲಾರೆನ್ ಕಾರೊಂದು ಗುಟುಕು ಗುಟುಕು ಕೆಮ್ಮಿ ನಿಂತೇಬಿಟ್ಟಿತು. ಚಾಲಕ ಕೆಳಗಿಳಿದ. ಹೆಲ್ಮೆಟ್ ಕೂಡ ತೆಗೆಯದೆ ಕಾರನ್ನು ನೂಕತೊಡಗಿದ. ಆತ ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಅಲೆನ್ ಪ್ರೋಸ್ಟ್. ಎಂಜಿನ್ ಸೀದಿರಲಿಲ್ಲ, ಟೈರ್ ಒಡೆದಿರಲಿಲ್ಲ. ಟ್ಯಾಂಕಿನಲ್ಲಿ ಇಂಧನ ಮುಗಿದಿತ್ತು. ಅದೇ ತಂಡದ ಕೆಕೆ ರೋಸ್‌ಬರ್ಗ್‌ನ ಕಾರೂ ಅದೇ ಕಾರಣಕ್ಕೆ ನಿಂತಿತ್ತು. ಅದಾಗಲೇ ಓಡಿದ್ದ ಸುತ್ತುಗಳ ಲೆಕ್ಕದಲ್ಲಿ ರೋಸ್‌ಬರ್ಗ್‌ಗೆ ಐದನೆಯ, ಪ್ರೋಸ್ಟ್‌ಗೆ ಆರನೆಯ ಸ್ಥಾನ ಸಿಕ್ಕಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇಟಲಿಯ ಇಮೋಲಾದಲ್ಲೂ ಪ್ರೋಸ್ಟ್‌ಗೆ ಹೀಗೇ ಆಗಿತ್ತು. ಗೆಲುವಿನ ಗೆರೆ ಕಣ್ಣೆದುರಿಗಿದ್ದಾಗ ಎಂಜಿನ್ ತಡವರಿಸಿತು. ಆತ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತ, ಟ್ಯಾಂಕಿನ ಮೂಲೆಯಲ್ಲಿ ಉಳಿದಿದ್ದ ಕೊನೆಯ ಗುಟುಕನ್ನು ಪಂಪಿನ ಬಾಯಿಗೆ ತುಳುಕಿಸಿಕೊಂಡು, ಹೇಗೋ ಗೆರೆ ದಾಟಿ ಗೆದ್ದ. ಹಳೆಯ ಸ್ಕೂಟರನ್ನು ಪಕ್ಕಕ್ಕೆ ಓರೆ ಮಾಡಿ ಕಿಕ್ ಹೊಡೆದು ಪೆಟ್ರೋಲ್ ಬಂಕ್ ಮುಟ್ಟಿದವರಿಗೆ ಈ ವಿದ್ಯೆಯನ್ನು ವಿವರಿಸಬೇಕಿಲ್ಲ.

ಆ ವರ್ಷದ ನಿಯಮ ಹೀಗಿತ್ತು: ಇಡೀ ಪಂದ್ಯಕ್ಕೆ 195 ಲೀಟರ್ ಇಂಧನ, ನಡುವೆ ತುಂಬಿಸಿಕೊಳ್ಳುವಂತಿಲ್ಲ. ಪಂದ್ಯದ ದೂರ ಸುಮಾರು 300 ಕಿ.ಮೀ. ಭಾಗಿಸಿದರೆ ಲೀಟರಿಗೆ ಒಂದೂವರೆ ಕಿಲೋಮೀಟರ್. ನಮ್ಮ ಮರಳು ಲಾರಿಗಳೂ ಇದಕ್ಕಿಂತ ಹೆಚ್ಚು ಮೈಲೇಜ್ ಕೊಡುತ್ತವೆ. ಆದರೂ ಜಗತ್ತಿನ ಅತಿ ಚುರುಕಿನ ಎಂಜಿನಿಯರುಗಳು ಆ ಒಂದೂವರೆಯನ್ನು ಒಂದು ಮುಕ್ಕಾಲು ಮಾಡುವುದು ಹೇಗೆಂದು ನಿದ್ದೆಗೆಡುತ್ತಿದ್ದರು. ಆ ಕಾರುಗಳ ಎಂಜಿನ್ ಬರೀ 1500 ಸಿಸಿ. ನಮ್ಮ ಮಧ್ಯಮ ವರ್ಗದ ಮನೆಯ ಮುಂದೆ ನಿಂತಿರುವ ಕಾರಿನಷ್ಟೇ. ಅಷ್ಟು ಸಣ್ಣ ಎಂಜಿನ್‌ನಿಂದ ಸಾವಿರ ಅಶ್ವಶಕ್ತಿಯವರೆಗೂ ಹಿಂಡಿ ತೆಗೆಯುತ್ತಿದ್ದದ್ದು ಟರ್ಬೊಚಾರ್ಜರ್.

ಶೋರೂಮಿನ ಸೇಲ್ಸ್‌ಮನ್ ಟರ್ಬೊ ಎಂದರೆ ಮೈಲೇಜ್ ಎನ್ನುತ್ತಾನೆ. ಗ್ಯಾರೇಜಿನ ಮೇಸ್ತ್ರಿ ಟರ್ಬೊ ಎಂದರೆ ಪೆಟ್ರೋಲ್ ಕುಡುಕ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಈ ಅಧ್ಯಾಯದ ತಂಟೆ.

ಕಮ್ಮಾರನ ಕುಲುಮೆಯನ್ನು ನೋಡಿದ್ದೀರಲ್ಲ? ಬರೀ ಇದ್ದಿಲು ಸುರಿದರೆ ಬೆಂಕಿ ಮಂಕಾಗುತ್ತದೆಯೇ ಹೊರತು ಜೋರಾಗುವುದಿಲ್ಲ. ತಿದಿ ಒತ್ತಿದಾಗ ಮಾತ್ರ ಕಬ್ಬಿಣ ಕೆಂಪೇರುತ್ತದೆ. ಎಂಜಿನ್ ಕೂಡ ಹಾಗೆಯೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ತೂಕದಲ್ಲಿ ಹೇಳಿದರೆ ಇದರ ಬಿಸಿ ತಟ್ಟುವುದಿಲ್ಲ, ಅಳತೆಯಲ್ಲಿ ನೋಡಿ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9000 ಲೀಟರ್ ಗಾಳಿ. ಮನೆಯ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕುಗಳನ್ನು ಒಂಬತ್ತು ಸಾಲಾಗಿ ಇಟ್ಟರೆ ಅದರಲ್ಲಿ ಹಿಡಿಯುವಷ್ಟು. ಎಂಜಿನ್‌ಗೆ ಪೆಟ್ರೋಲ್ ಕುಡಿಸುವುದು ಸುಲಭ, ಗಾಳಿ ಕುಡಿಸುವುದೇ ಕಷ್ಟ. ಸಾದಾ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಷ್ಟು ಗಾಳಿ ನುಗ್ಗುತ್ತದೋ ಅಷ್ಟೇ ಗತಿ. ಹೆಚ್ಚು ಶಕ್ತಿ ಬೇಕಿದ್ದರೆ ದೊಡ್ಡ ಸಿಲಿಂಡರ್ ಇಡಬೇಕು, ಇಲ್ಲವೇ ಗಾಳಿಯನ್ನು ಅದುಮಿ ತುಂಬಬೇಕು.

ಅದುಮಲು ತಿದಿ ಬೇಕು, ತಿದಿ ಒತ್ತಲು ಒಬ್ಬ ಆಳು ಬೇಕು. ಟರ್ಬೊದ ಜಾಣತನವೆಲ್ಲ ಇರುವುದು ಆ ಆಳಿನ ಆಯ್ಕೆಯಲ್ಲಿ. ಎಂಜಿನ್‌ನಿಂದ ಹೊರಬೀಳುವ ಹೊಗೆ ನಮ್ಮ ಸೈಲೆನ್ಸರಿನ ತುದಿಯಲ್ಲಿ ಸಪ್ಪೆಯಾಗಿ ಕಂಡರೂ, ಸಿಲಿಂಡರಿನಿಂದ ಆಚೆ ಬರುವಾಗ ಭಾರೀ ಬಿರುಸಿನಲ್ಲಿರುತ್ತದೆ. ಪೂರ್ತಿ ಜೋರಿನಲ್ಲಿ ಓಡುವ ಪೆಟ್ರೋಲ್ ಎಂಜಿನ್‌ನಲ್ಲಿ ಅದರ ಬಿಸಿ 950 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಪೆಟ್ರೋಲಿನಲ್ಲಿದ್ದ ಶಕ್ತಿಯ ಮೂರನೇ ಒಂದು ಭಾಗ ಹೀಗೆ ಹೊಗೆಯ ಜೊತೆ ಊರು ಬಿಡುತ್ತದೆ. ಆ ಹೊಗೆಯ ದಾರಿಯಲ್ಲಿ ಮುಷ್ಟಿಗಾತ್ರದ ಒಂದು ಗಾಲಿ ಇಡಿ. ಅದೇ ಅಚ್ಚಿನ ಇನ್ನೊಂದು ತುದಿಗೆ ಮತ್ತೊಂದು ಗಾಲಿ ಸಿಕ್ಕಿಸಿ, ಅದನ್ನು ಒಳಬರುವ ಗಾಳಿಯ ದಾರಿಯಲ್ಲಿ ಕೂರಿಸಿ. ಹೊಗೆ ಮೊದಲನೆಯದನ್ನು ತಿರುಗಿಸುತ್ತದೆ, ಎರಡನೆಯದು ಗಾಳಿಯನ್ನು ಅದುಮುತ್ತದೆ. ಟರ್ಬೊ ಎಂದರೆ ಇಷ್ಟೇ. ಕುಲುಮೆಯ ಹೊಗೆಯೇ ತಿದಿ ಒತ್ತುವ ಏರ್ಪಾಡು.

ಇಷ್ಟೇ ಎಂದೆನಾದರೂ ಅದರ ಒಳಗು ಅಷ್ಟು ಸುಲಭದ್ದಲ್ಲ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಆ ವೇಗಕ್ಕೆ ಸಾದಾ ಬೇರಿಂಗ್ ತಡೆಯದೆಂದು ಹೆಚ್ಚಿನ ಟರ್ಬೊಗಳಲ್ಲಿ ಅಚ್ಚನ್ನು ತೆಳ್ಳನೆಯ ಎಣ್ಣೆಪದರದ ಮೇಲೆ ತೇಲಿಸಿರುತ್ತಾರೆ. ಒಂದು ಬದಿಯ ಗಾಲಿ ಕೆಂಡದಂತೆ ಕಾದಿದ್ದರೆ ಬೆರಳಗಲ ಆಚೆಯ ಇನ್ನೊಂದು ಗಾಲಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ. ಘಾಟಿ ಹತ್ತಿಸಿ ತಂದ ಗಾಡಿಯನ್ನು ತಟ್ಟನೆ ಆಫ್ ಮಾಡಬೇಡ, ಒಂದು ನಿಮಿಷ ಐಡಲ್‌ನಲ್ಲಿ ಬಿಡು ಎಂದು ಹಳೆಯ ಡ್ರೈವರುಗಳು ಹೇಳುವುದು ಈ ಎಣ್ಣೆ ಅಲ್ಲೇ ಸುಟ್ಟು ಕರಕಾಗದಿರಲಿ ಎಂದು.

ಈ ಏರ್ಪಾಡಿನ ಮೊದಲ ಪೇಟೆಂಟು 1905ರದು. ಪಡೆದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ. ಆತನ ಮೂಲ ಚಿಂತೆ ವೇಗದ್ದಲ್ಲ, ಹೊಗೆಯಲ್ಲಿ ಪೋಲಾಗುವ ಶಾಖದ್ದು ಎಂಬುದನ್ನು ನೆನಪಿಡಬೇಕು. ಟರ್ಬೊ ಹುಟ್ಟಿದ್ದು ಜಿಪುಣನ ಹೊಟ್ಟೆಯಲ್ಲಿ. ಶೋಕಿಗೆ ಬಿದ್ದದ್ದು ಆಮೇಲೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಲಿಬರ್ಟಿ ವಿಮಾನದ ಎಂಜಿನ್ ಒಂದನ್ನು ಟ್ರಕ್ಕಿನ ಮೇಲೆ ಹೇರಿ 14,109 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಒಯ್ದ. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಆ ತೆಳು ಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ವಿಮಾನಗಳೂ ಹಡಗುಗಳೂ ಲಾರಿಗಳೂ ಅದನ್ನು ಒಪ್ಪಿಕೊಂಡವು. ಪೆಟ್ರೋಲ್ ಕಾರು ಮಾತ್ರ ಬಹುಕಾಲ ಅದರೊಡನೆ ಹೆಣಗಬೇಕಾಯಿತು.

ಏಕೆ ಹೆಣಗಿತು ಎನ್ನುವ ಮುಂಚೆ ಸೇಲ್ಸ್‌ಮನ್‌ನ ವಾದ ಕೇಳೋಣ.

400 ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಮವಾಗಿ ಹೋಗುತ್ತಿದೆ ಎನ್ನಿ. ಗಾಳಿಯ ತಡೆ, ಟೈರಿನ ತಡೆ ಎರಡನ್ನೂ ಮೀರಲು ಅದಕ್ಕೆ ಬೇಕಾದದ್ದು ಇಪ್ಪತ್ತು, ಇಪ್ಪತ್ತೈದು ಅಶ್ವಶಕ್ತಿ. ಉಳಿದದ್ದೆಲ್ಲ ಮಲಗಿರುತ್ತದೆ. ಮಲಗಿದ್ದರೆ ಚಿಂತೆಯಿರಲಿಲ್ಲ, ಮಲಗಿಯೂ ಉಣ್ಣುತ್ತದೆ. ಮದುವೆಮನೆಗೆ ಅಡುಗೆ ಭಟ್ಟರು ಹೂಡುವ ದೊಡ್ಡ ಒಲೆಯಲ್ಲಿ ಇಬ್ಬರಿಗೆ ಕಾಫಿ ಕಾಯಿಸಿದ ಹಾಗೆ. ಕಾಫಿಗಿಂತ ಹೆಚ್ಚಿನ ಸೌದೆ ಒಲೆಯನ್ನು ಬಿಸಿಯಾಗಿಡಲೇ ಹೋಗುತ್ತದೆ.

ಎಂಜಿನ್‌ನಲ್ಲಿ ಈ ವ್ಯರ್ಥ ಎರಡು ಬಗೆಯದು. ದೊಡ್ಡ ಪಿಸ್ಟನ್, ಹೆಚ್ಚು ಸಿಲಿಂಡರ್ ಇದ್ದಷ್ಟೂ ಉಜ್ಜಾಟ ಹೆಚ್ಚು. ಇದು ಎಲ್ಲರಿಗೂ ಹೊಳೆಯುವಂಥದ್ದು. ಎರಡನೆಯದು ಸ್ವಲ್ಪ ಗುಟ್ಟಿನದು. ಎಳನೀರು ಕುಡಿಯುವಾಗ ಸ್ಟ್ರಾವನ್ನು ಬೆರಳಿನಿಂದ ಹಿಚುಕಿ ಹಿಡಿದು ಎಳೆದು ನೋಡಿ. ಕೆನ್ನೆ ಒಳಗೆ ಹೋಗುತ್ತದೆ, ಗುಟುಕು ಮಾತ್ರ ಬರುವುದಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಶಕ್ತಿ ತಗ್ಗಿಸಬೇಕೆಂದರೆ ಒಳಬರುವ ಗಾಳಿಯನ್ನೇ ತಡೆಯಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ಎಂಬ ಕವಾಟ ಮುಚ್ಚಿಕೊಳ್ಳುತ್ತದೆ. ದೊಡ್ಡ ಎಂಜಿನ್ ನಿಧಾನಕ್ಕೆ ಹೋಗುವಾಗ ಪ್ರತಿ ಪಿಸ್ಟನ್ನೂ ಹಿಚುಕಿದ ಸ್ಟ್ರಾದಲ್ಲಿ ಉಸಿರು ಎಳೆದು ಎಳೆದು ದಣಿಯುತ್ತದೆ. ಆ ದಣಿವಿನ ಖರ್ಚು ಪೆಟ್ರೋಲಿನದೇ.

ಇದರ ಬದಲು ಸಣ್ಣ ಎಂಜಿನ್ ಇಟ್ಟರೆ? ಅದೇ ಇಪ್ಪತ್ತು ಅಶ್ವಶಕ್ತಿಗೆ ಅದು ಹೆಚ್ಚು ಬಾಯಿ ತೆರೆಯಬೇಕು. ಸ್ಟ್ರಾ ಸಡಿಲವಾಗುತ್ತದೆ, ಉಜ್ಜಾಟ ತಗ್ಗುತ್ತದೆ. ನೆಂಟರು ಬಂದ ದಿನ, ಅಂದರೆ ಓವರ್‌ಟೇಕ್ ಮಾಡುವಾಗ, ಊದುಗೊಳವೆ ಇದ್ದೇ ಇದೆ. ಟರ್ಬೊದಿಂದ ಉಳಿತಾಯವಾಗುವುದು ಟರ್ಬೊ ಕೆಲಸ ಮಾಡುವಾಗ ಅಲ್ಲ, ಬಹುಮಟ್ಟಿಗೆ ಸುಮ್ಮನಿರುವಾಗ. ಅದು ಇದೆ ಎಂಬ ಧೈರ್ಯದ ಮೇಲೆ ಎಂಜಿನ್ ಸಣ್ಣದಾಗುತ್ತದೆ. ಸಣ್ಣ ಎಂಜಿನ್ ಪೆಟ್ರೋಲ್ ಉಳಿಸುತ್ತದೆ. ಉಳಿತಾಯದ ಶ್ರೇಯಸ್ಸನ್ನು ಟರ್ಬೊ ಹೊಡೆದುಕೊಳ್ಳುತ್ತದೆ.

ಇದು ಬಾಯಿಮಾತಲ್ಲ. 2015ರಲ್ಲಿ ಪೋರ್ಷೆ ತನ್ನ 911 ಕರೇರಾದಿಂದ 3.4 ಲೀಟರಿನ ಸಾದಾ ಎಂಜಿನ್ ತೆಗೆದು, ಎರಡು ಟರ್ಬೊ ಇರುವ 3 ಲೀಟರಿನದನ್ನು ಹಾಕಿತು. ಶಕ್ತಿ 350ರಿಂದ 370ಕ್ಕೆ ಏರಿತು. ಯುರೋಪಿನ ಅಂದಿನ ಪರೀಕ್ಷೆಯ ಪ್ರಕಾರ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕಾರು ನೂರು ಕಿಲೋಮೀಟರಿಗೆ 8.2 ಲೀಟರ್ ಕುಡಿಯುತ್ತಿದ್ದದ್ದು 7.4ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 12.2ರಿಂದ 13.5 ಕಿ.ಮೀ. ಅದೇ ವರ್ಷ ಫೆರಾರಿಯೂ 4.5 ಲೀಟರಿನ ಸಾದಾ ವಿ8 ಬಿಟ್ಟು 3.9 ಲೀಟರಿನ ಟರ್ಬೊಗೆ ಬಂತು. ಹಳೆಯ ಎಂಜಿನ್‌ನ ಕಿರುಚು ಕೇಳಿ ಬೆಳೆದ ಅಭಿಮಾನಿಗಳು ಅತ್ತರು. ಕಂಪನಿಗಳಿಗೆ ಕಿವಿಗಿಂತ ಇಂಗಾಲದ ಡೈಆಕ್ಸೈಡಿನ ಕಾನೂನು ಮುಖ್ಯವಾಗಿತ್ತು. ನಮ್ಮ ದೇಶದಲ್ಲಿ ಇದೇ ಕೆಲಸವನ್ನು ತೆರಿಗೆ ಮಾಡಿತು. 4 ಮೀಟರ್ ಉದ್ದ, 1200 ಸಿಸಿ ಎಂಜಿನ್ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ. ಹಾಗಾಗಿ ನಮ್ಮ ರಸ್ತೆಗಳಲ್ಲಿ ಒಂದು ಲೀಟರಿನ ಟರ್ಬೊಗಳ ಸಂತೆಯೇ ನೆರೆದಿದೆ.

ಪರೀಕ್ಷೆ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಯುರೋಪಿನ ಆ ಹಳೆಯ ಪರೀಕ್ಷೆಯಲ್ಲಿ ಕಾರು ನಿಂತಲ್ಲಿಂದ ಗಂಟೆಗೆ 50 ಕಿ.ಮೀ. ವೇಗಕ್ಕೆ ಏರಲು 26 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನಮ್ಮ ಸಿಟಿ ಬಸ್ಸಿನ ಡ್ರೈವರ್ ಕೂಡ ಇಷ್ಟು ತಾಳ್ಮೆಯವನಲ್ಲ. 370 ಅಶ್ವಶಕ್ತಿಯ ಕಾರು ಆ ಪರೀಕ್ಷೆಯನ್ನು ಆಕಳಿಸುತ್ತಲೇ ಮುಗಿಸುತ್ತಿತ್ತು, ಟರ್ಬೊ ಎಚ್ಚರಗೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ. ಯುರೋಪು 2017ರಿಂದ ಇನ್ನಷ್ಟು ಬಿಗಿಯಾದ ಪರೀಕ್ಷೆಗೆ ಬದಲಾದದ್ದು ಸುಮ್ಮನೆ ಅಲ್ಲ. ಯುರೋಪಿನ ಹಳೆಯ ಪರೀಕ್ಷೆಯದೇ ಅಚ್ಚಿನ, ಗರಿಷ್ಠ ವೇಗವನ್ನು 90 ಕಿ.ಮೀ.ಗೆ ತಗ್ಗಿಸಿದ ಪರೀಕ್ಷೆಯಿಂದ ನಮ್ಮ ಶೋರೂಮಿನ ಮೈಲೇಜ್ ಅಂಕಿಗಳು ಬಂದವು.

ಈಗ ಮೇಸ್ತ್ರಿಯ ಸರದಿ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಗಾಳಿಯನ್ನು ಅದುಮಿದರೆ ಕಾಯುತ್ತದೆ. ಟರ್ಬೊ ಅದುಮಿದ ಗಾಳಿಯೂ ಕಾದಿರುತ್ತದೆ. ಅದನ್ನು ತಣಿಸಲೆಂದೇ ಇಂಟರ್‌ಕೂಲರ್ ಇದೆ, ಆದರೆ ಅದಕ್ಕೂ ಮಿತಿಯಿದೆ. ಈ ಗಾಳಿ ಸಿಲಿಂಡರಿಗೆ ಹೋದ ಮೇಲೆ ಪಿಸ್ಟನ್ ಅದನ್ನು ಇನ್ನೊಮ್ಮೆ ಅದುಮುತ್ತದೆ. ಬಿಸಿಯ ಮೇಲೆ ಬಿಸಿ. ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸಿ ಬೆಂಕಿ ಒಂದು ಬದಿಯಿಂದ ಹಬ್ಬುತ್ತಿರುವಾಗ, ಇನ್ನೊಂದು ಮೂಲೆಯಲ್ಲಿ ಉಳಿದ ಮಿಶ್ರಣ ಬೆಂಕಿಗೆ ಕಾಯದೆ ತಾನೇ ಢಮ್ಮೆಂದು ಸಿಡಿಯುತ್ತದೆ. ಗ್ಯಾರೇಜಿನವರು ಇದಕ್ಕೆ ಎಂಜಿನ್ ನಾಕಿಂಗ್ ಹೊಡೆಯುತ್ತಿದೆ ಎನ್ನುತ್ತಾರೆ. ಕೇಳಿದರೆ ತಗಡಿನ ಡಬ್ಬದಲ್ಲಿ ಗೋಲಿ ಕುಲುಕಿದ ಸದ್ದು. ಜೋರಾದರೆ ಪಿಸ್ಟನ್ನಿಗೇ ತೂತು.

ಇದರಿಂದ ಪಾರಾಗುವ ಹಳೆಯ ದಾರಿ, ಪಿಸ್ಟನ್ ಅದುಮುವುದನ್ನೇ ಕಡಿಮೆ ಮಾಡುವುದು. 1970ರ ದಶಕದ ಮೊದಲ 911 ಟರ್ಬೊದ ಸಂಕೋಚನ ಅನುಪಾತ, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಅಳತೆ, ಬರೀ 6.5. ಆದರೆ ಪಿಸ್ಟನ್ ಎಷ್ಟು ಬಿಗಿಯಾಗಿ ಅದುಮುತ್ತದೋ ಅಷ್ಟು ಚೆನ್ನಾಗಿ ಶಾಖ ಕೆಲಸವಾಗುತ್ತದೆ ಎಂಬುದು ಉಷ್ಣವಿಜ್ಞಾನದ ಮೊದಲ ಪಾಠಗಳಲ್ಲೊಂದು. ಟರ್ಬೊ ಒಂದು ಕೈಯಲ್ಲಿ ಕೊಟ್ಟದ್ದನ್ನು ಈ ಸಡಿಲಿಕೆ ಇನ್ನೊಂದು ಕೈಯಲ್ಲಿ ಕಸಿಯುತ್ತಿತ್ತು. ಅದೂ ದಿನವಿಡೀ, ಟರ್ಬೊ ಮಲಗಿದ್ದಾಗಲೂ.

1962ರ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಬೇರೆ ದಾರಿ ಹಿಡಿಯಿತು. ಅದರ ಸಂಕೋಚನ ಅನುಪಾತ 10.25, ಟರ್ಬೊ ಇರುವ ಎಂಜಿನ್‌ಗೆ ಆ ಕಾಲಕ್ಕೆ ಹುಚ್ಚುತನ. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್‌ಗೆ ಸಿಂಪಡಿಸುತ್ತಿದ್ದರು. ಅದಕ್ಕೆ ಪ್ರತ್ಯೇಕ ಟ್ಯಾಂಕು, ಟರ್ಬೊ ರಾಕೆಟ್ ಫ್ಲೂಯಿಡ್ ಎಂಬ ಜಂಬದ ಹೆಸರು. ಕಾರು ಕೊಂಡವರು ಅದನ್ನು ತುಂಬಿಸಲು ಮರೆತರು. ಮರೆತರೆ ಎಂಜಿನ್ ತಾನಾಗಿ ಸಪ್ಪೆಯಾಗುತ್ತಿತ್ತು. ಕೊನೆಗೆ ಕಂಪನಿಯೇ ಅನೇಕ ಕಾರುಗಳ ಟರ್ಬೊ ಕಿತ್ತು ಸಾದಾ ಕಾರ್ಬುರೇಟರ್ ಹಾಕಿಕೊಟ್ಟಿತು. ವಿಜ್ಞಾನ ಸರಿಯಿತ್ತು, ಮನುಷ್ಯಸ್ವಭಾವದ ಲೆಕ್ಕ ತಪ್ಪಿತ್ತು. 1973ರ ಬಿಎಂಡಬ್ಲ್ಯು 2002 ಟರ್ಬೊದ ಗ್ರಹಚಾರ ಇನ್ನೊಂದು ಬಗೆಯದು. ಮುಂದಿನ ಕಾರಿನವನು ಕನ್ನಡಿಯಲ್ಲಿ ಓದಿಕೊಂಡು ದಾರಿ ಬಿಡಲೆಂದು ಮುಂಭಾಗದಲ್ಲಿ ಟರ್ಬೊ ಎಂದು ತಿರುಗುಮುರುಗಾಗಿ ಬರೆಸಿಕೊಂಡು ಬಂದ ಕಾರು ಅದು. ಬಂದ ಮರುತಿಂಗಳೇ ಅರಬ್ ದೇಶಗಳು ತೈಲ ನಿಲ್ಲಿಸಿದವು. ಒಟ್ಟು 1672 ಕಾರು ಮಾಡಿ ಅಂಗಡಿ ಮುಚ್ಚಬೇಕಾಯಿತು.

ಇಂದಿನ ಎಂಜಿನ್‌ಗಳು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತವೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲ ಗಾಳಿ ತಣಿಯುತ್ತದೆ. ಅಂಗೈಗೆ ಸ್ಯಾನಿಟೈಸರ್ ಬಿದ್ದಾಗ ಆಗುವ ತಂಪು ಅದೇ. ಹಾಗಾಗಿ ಟರ್ಬೊ ಇದ್ದೂ 10ರ ಸಂಕೋಚನ ಅನುಪಾತ ಈಗ ಸಾಮಾನ್ಯ. ಆದರೆ ಇನ್ನೊಂದು ಕಾಯಿಲೆ ಉಳಿಯಿತು. ಕಾಲು ಪೂರ್ತಿ ಒತ್ತಿ ಹಿಡಿದಾಗ ಹೊಗೆಯ ಬಿಸಿ ಟರ್ಬೊ ಗಾಲಿ ತಾಳುವ ಮಟ್ಟ ಮೀರತೊಡಗುತ್ತದೆ. ಆಗ ಎಂಜಿನ್ನಿನ ಕಂಪ್ಯೂಟರ್ ಮಾಡುವ ಉಪಾಯ ವಿಚಿತ್ರ. ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಇದ್ದದ್ದು 12 ಗ್ರಾಂ ಗಾಳಿಗೇ ಒಂದು ಗ್ರಾಂ ಆಗುತ್ತದೆ. ಹೆಚ್ಚುವರಿ ಪೆಟ್ರೋಲಿಗೆ ಉರಿಯಲು ಆಮ್ಲಜನಕವಿಲ್ಲ. ಅದು ಶಾಖ ಹೀರಿ, ಅರೆಬರೆ ಬೆಂದು, ಹೊಗೆಯ ಜೊತೆ ಆಚೆ ಹೋಗುತ್ತದೆ. ಬೆಲೆಬಾಳುವ ಪೆಟ್ರೋಲನ್ನು ತಣ್ಣೀರಿನ ಹಾಗೆ ಚೆಲ್ಲುವುದೆಂದರೆ ಇದೇ. ಮೇಸ್ತ್ರಿಯ ಮಾತು ನಿಜವಾಗುವುದು ಇಲ್ಲಿ.

ಇದರ ಪರಾಕಾಷ್ಠೆ ನೋಡಬೇಕಿದ್ದರೆ 2005ರ ಬುಗಾಟಿ ವೇಯ್ರಾನ್ ಇದೆ. 8 ಲೀಟರ್, 16 ಸಿಲಿಂಡರ್, ನಾಲ್ಕು ಟರ್ಬೊ, ತಣಿಸಲು ಹತ್ತು ರೇಡಿಯೇಟರ್, 1001 ಅಶ್ವಶಕ್ತಿ, ಗಂಟೆಗೆ 407 ಕಿ.ಮೀ. ಆ ವೇಗದಲ್ಲಿ ಅದರ 100 ಲೀಟರಿನ ಟ್ಯಾಂಕು ಸುಮಾರು 12 ನಿಮಿಷದಲ್ಲಿ ಬರಿದು. ಒಂದು ಒರಟು ಲೆಕ್ಕ ಹಾಕೋಣ. 100 ಲೀಟರ್ ಪೆಟ್ರೋಲಿನಲ್ಲಿ ಸುಮಾರು 3200 ಮೆಗಾಜೂಲ್ ಶಕ್ತಿಯಿದೆ. 1001 ಅಶ್ವಶಕ್ತಿ ಎಂದರೆ 736 ಕಿಲೋವ್ಯಾಟ್. 12 ನಿಮಿಷ ದುಡಿದರೆ 530 ಮೆಗಾಜೂಲ್. ಆರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬಂತು. ಐದು ಪಾಲು ಹತ್ತು ರೇಡಿಯೇಟರಿಗೂ ಸೈಲೆನ್ಸರಿಗೂ. ಎಂಜಿನಿಯರಿಂಗ್ ಸಾಹಸವಾಗಿ ನಾನು ಅದಕ್ಕೆ ಕೈಮುಗಿಯುತ್ತೇನೆ, ಎಂಜಿನ್ ಆಗಿ ಅದು ದುಂದುಗಾರ.

ಈಗ ಪ್ರೋಸ್ಟ್‌ನ ಬಳಿಗೆ ಮರಳಬಹುದು. ಫಾರ್ಮುಲಾ ಒನ್‌ಗೆ ಟರ್ಬೊ ಮೊದಲು ತಂದವರು ರೆನೋ ಕಂಪನಿಯವರು, 1977ರಲ್ಲಿ. ಅವರ ಹಳದಿ ಕಾರು ಎಷ್ಟು ಸಲ ಹೊಗೆಯುಗುಳಿ ನಿಂತಿತೆಂದರೆ ಇಂಗ್ಲಿಷರು ಅದನ್ನು ಹಳದಿ ಟೀಪಾಟ್ ಎಂದು ಗೇಲಿ ಮಾಡಿದರು. ಎರಡು ವರ್ಷದಲ್ಲಿ ಅದು ಗೆದ್ದಿತು, ಗೇಲಿ ಮಾಡಿದವರೆಲ್ಲ ಟರ್ಬೊ ಹಾಕಿಕೊಂಡರು. ನಿಯಮ ಆಗ ಎಂಜಿನ್ನಿನ ಗಾತ್ರವನ್ನು ಮಾತ್ರ ಕಟ್ಟಿಹಾಕಿತ್ತು. ಗಾಳಿಯನ್ನು ಅದುಮಿ ತುಂಬಿದರು, ಪೆಟ್ರೋಲನ್ನು ಸುರಿದು ತಣಿಸಿದರು. ಶಕ್ತಿ ಅಂಕೆ ಮೀರಿತು. ಆಗ ಆಡಳಿತದವರು ಇಂಧನಕ್ಕೆ ಕೈ ಹಾಕಿದರು: 1984ರಲ್ಲಿ 220 ಲೀಟರ್, 1986ರಲ್ಲಿ 195, 1988ರಲ್ಲಿ ಬರೀ 150. ಜೊತೆಗೆ ಟರ್ಬೊ ಒತ್ತಡ 2.5 ಬಾರ್ ದಾಟುವಂತಿಲ್ಲ. ಟರ್ಬೊ ಇಲ್ಲದ 3.5 ಲೀಟರಿನ ಕಾರುಗಳಿಗೋ ಇಂಧನದ ಮಿತಿಯೇ ಇಲ್ಲ, ಬೇಕಾದಷ್ಟು ಕುಡಿಯಿರಿ ಎಂದರು. ಟರ್ಬೊವನ್ನು ಉಸಿರುಗಟ್ಟಿಸಿ ಸಾಯಿಸುವ ಉದ್ದೇಶ ಮುಚ್ಚಿಟ್ಟದ್ದೇನಲ್ಲ. ಮರುವರ್ಷದಿಂದ ನಿಷೇಧವೆಂದು ಮೊದಲೇ ಸಾರಿದ್ದರು.

1988ರ 16 ಪಂದ್ಯಗಳಲ್ಲಿ 15ನ್ನು ಗೆದ್ದದ್ದು ಟರ್ಬೊ ಇದ್ದ ಮೆಕ್ಲಾರೆನ್ ಹೋಂಡಾ. ಅಯರ್ಟನ್ ಸೆನ್ನಾ ಎಂಟು, ಪ್ರೋಸ್ಟ್ ಏಳು. ಅಳೆದು ಉಂಡವರು ಹೊಟ್ಟೆ ಬಿರಿಯೆ ಉಂಡವರನ್ನು ಸೋಲಿಸಿದರು.

ಹೋಂಡಾ ಇದನ್ನು ಸಾಧಿಸಿದ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಿಯಮ ಇಂಧನವನ್ನು ಅಳೆದದ್ದು ಲೀಟರಿನಲ್ಲಿ, ತೂಕದಲ್ಲಲ್ಲ. ಹಾಗಾದರೆ ಒಂದು ಲೀಟರಿನಲ್ಲಿ ಹೆಚ್ಚು ಶಕ್ತಿ ಹಿಡಿಸುವ ಭಾರದ ಇಂಧನ ಯಾವುದು? ಉತ್ತರ, ಟಾಲ್ವೀನ್. ಬಣ್ಣ ತೆಳುಮಾಡುವ ಥಿನ್ನರಿನ ವಾಸನೆ ಬಲ್ಲವರಿಗೆ ಅದರ ಪರಿಚಯವಿದೆ. ಹೋಂಡಾದ ರೇಸ್ ಇಂಧನದಲ್ಲಿ 84 ಪಾಲು ಟಾಲ್ವೀನ್, 16 ಪಾಲು ಹೆಪ್ಟೇನ್. ಟಾಲ್ವೀನ್ ನಾಕಿಂಗ್ ಹೊಡೆಯುವುದಿಲ್ಲ, ಇದು ವರ. ಬೇಗ ಆವಿಯಾಗುವುದೂ ಇಲ್ಲ, ಇದು ಶಾಪ. ಆವಿಯಾಗದ ಹನಿ ಉರಿಯದೆ ಪೋಲು. ಅದಕ್ಕಾಗಿ ಇಂಧನವನ್ನು 80 ಡಿಗ್ರಿಗೆ ಕಾಯಿಸಿ ಒಳಗೆ ಬಿಟ್ಟರು. ಒಳಬರುವ ಗಾಳಿಯನ್ನೂ ಪೂರ್ತಿ ತಣಿಸದೆ, ಉಳಿತಾಯ ಬೇಕಾದಾಗ 70 ಡಿಗ್ರಿಯಲ್ಲಿ ಇಟ್ಟುಕೊಂಡರು. ಎಲ್ಲರೂ ಗಾಳಿಯನ್ನು ತಣ್ಣಗೆ ಮಾಡಲು ಒದ್ದಾಡುತ್ತಿದ್ದಾಗ ಇವರು ಬೇಕೆಂದೇ ಬೆಚ್ಚಗಿಟ್ಟರು! ಹೆಚ್ಚುವರಿ ಇಂಧನ ಸುರಿದು ತಣಿಸುವ ದುಂದು ಬಹುಪಾಲು ನಿಂತಿತು. ಉಳಿತಾಯದ ಹದದಲ್ಲಿ ಮಿಶ್ರಣವನ್ನು ಪೂರ್ತಿ ಉರಿಯಲು ಬೇಕಾದ ಪ್ರಮಾಣಕ್ಕಿಂತ ಶೇಕಡಾ 2ರಷ್ಟು ಮಾತ್ರ ದಟ್ಟವಾಗಿಟ್ಟರು. ಫಲ, 12,500 ಆರ್‌ಪಿಎಂನಲ್ಲಿ 685 ಅಶ್ವಶಕ್ತಿ ಕೊಡಬಲ್ಲ ರೇಸ್ ಎಂಜಿನ್‌ನಿಂದ ಶೇಕಡಾ 32.3 ದಕ್ಷತೆ. ವೇಯ್ರಾನ್‌ನ ಆರನೇ ಒಂದು ಪಾಲನ್ನು ಇದರ ಪಕ್ಕ ಇಟ್ಟು ನೋಡಿ. ಇದು ಅದಕ್ಕಿಂತ 17 ವರ್ಷ ಹಳೆಯದು.

ಎರಡೂ ಟರ್ಬೊಗಳೇ. ಒಂದಕ್ಕೆ ಕೇಳಿದ್ದು ಎಷ್ಟು ಶಕ್ತಿ ಕೊಡುತ್ತೀಯ ಎಂದು. ಇನ್ನೊಂದಕ್ಕೆ ಕೇಳಿದ್ದು ಇಷ್ಟೇ ಇಂಧನದಲ್ಲಿ ಎಷ್ಟು ಶಕ್ತಿ ಕೊಡುತ್ತೀಯ ಎಂದು. ನನ್ನ ಮಟ್ಟಿಗೆ ಟರ್ಬೊದ ಇತಿಹಾಸದಲ್ಲಿ ಎಂಜಿನಿಯರಿಗಿಂತ ದೊಡ್ಡ ಪಾತ್ರ ನಿಯಮ ಬರೆದವನದು.

2014ರಲ್ಲಿ ಫಾರ್ಮುಲಾ ಒನ್ ಮತ್ತೆ ಟರ್ಬೊಗೆ ಮರಳಿದಾಗ ಇಂಧನವನ್ನು ಕಿಲೋದಲ್ಲಿ ತೂಗಿದರು. ಟಾಲ್ವೀನಿನ ಹಳೆಯ ಕೈಚಳಕಕ್ಕೆ ಅಲ್ಲಿಗೆ ಬೀಗ. ಪಂದ್ಯಕ್ಕೆ 100 ಕಿಲೋ, ಯಾವ ಗಳಿಗೆಯಲ್ಲೂ ಹರಿವು ಗಂಟೆಗೆ 100 ಕಿಲೋ ಮೀರುವಂತಿಲ್ಲ. ಎಂಜಿನ್ 1.6 ಲೀಟರಿನ ವಿ6. ಇದಕ್ಕೆ ಜೋಡಿಸಿದ ಒಂದು ಯಂತ್ರವೇ ಈ ಅಧ್ಯಾಯದ ನಿಜವಾದ ನಾಯಕ. ಹೆಸರು ಎಂಜಿಯು-ಎಚ್. ಟರ್ಬೊದ ಅಚ್ಚಿಗೇ ಕೂರಿಸಿದ, ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗಬಲ್ಲ ವಿದ್ಯುತ್ ಮೋಟಾರ್ ಇದು. ಸಾದಾ ಟರ್ಬೊದಲ್ಲಿ ಹೊಗೆಯ ಬಿರುಸು ಅಗತ್ಯಕ್ಕಿಂತ ಹೆಚ್ಚಾದರೆ ವೇಸ್ಟ್‌ಗೇಟ್ ಎಂಬ ಕಿಟಕಿ ತೆರೆದು ಆಚೆ ಬಿಡುತ್ತಾರೆ. ಹೆಸರೇ ಹೇಳುವಂತೆ ಅದು ಪೋಲಿನ ಬಾಗಿಲು. ಎಂಜಿಯು-ಎಚ್ ಆ ಹೆಚ್ಚುವರಿಯನ್ನು ಹಿಡಿದು ಕರೆಂಟು ಮಾಡಿ ಚಕ್ರಗಳಿಗೆ ಕಳಿಸುತ್ತದೆ. ಇನ್ನು ಚಾಲಕ ಕಾಲು ಒತ್ತಿದಾಗ ಹೊಗೆ ಜಮೆಯಾಗಿ ಟರ್ಬೊ ಏಳುವವರೆಗೆ ಆಗುವ ಆ ಬೇಸರದ ತಡ, ಟರ್ಬೊ ಲ್ಯಾಗ್, ಅದೂ ಇಲ್ಲ. ಮೋಟಾರೇ ಟರ್ಬೊವನ್ನು ತಟ್ಟಿ ಎಬ್ಬಿಸುತ್ತದೆ.

2013ರ ಹಳೆಯ ಸಾದಾ ವಿ8 ಎಂಜಿನ್‌ಗಳ ದಕ್ಷತೆ ಶೇಕಡಾ 29 ಎಂದು ಮರ್ಸಿಡಿಸ್ ಲೆಕ್ಕ ಕೊಟ್ಟಿತ್ತು. 2014ರಲ್ಲಿ ಅದು 44ಕ್ಕೆ ನೆಗೆಯಿತು. 2017ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ವರ್ತ್ ಕಾರ್ಖಾನೆಯ ಪರೀಕ್ಷಾ ಮಂಚದ ಮೇಲೆ 50 ದಾಟಿತು. ಸುಟ್ಟ ಪೆಟ್ರೋಲಿನ ಅರ್ಧ ಶಕ್ತಿ ಕೆಲಸಕ್ಕೆ, ಅರ್ಧ ಪೋಲು. ಲೆಕ್ಕ ತಾಳೆ ನೋಡುವುದಾದರೆ, ಗಂಟೆಗೆ 100 ಕಿಲೋ ಪೆಟ್ರೋಲೆಂದರೆ ಸುಮಾರು 1200 ಕಿಲೋವ್ಯಾಟ್ ಶಾಖ. ಅದರ ಅರ್ಧ, 600 ಕಿಲೋವ್ಯಾಟ್, 800 ಅಶ್ವಶಕ್ತಿಯ ಮೇಲಾಯಿತು. ಕಾರುಗಳ ಸದ್ದು ಸತ್ತುಹೋಯಿತೆಂದು ಅಭಿಮಾನಿಗಳು ಆಗಲೂ ಅತ್ತರು. ಹೊಗೆಯ ಬಿರುಸನ್ನೆಲ್ಲ ಟರ್ಬೈನು ಹೀರಿದ ಮೇಲೆ ಕೊಳವೆಯ ತುದಿಯಲ್ಲಿ ಕಿರುಚಲು ಉಳಿಯುವುದಾದರೂ ಏನು?

ಎಂಜಿಯು-ಎಚ್‌ನಂಥ ಯಂತ್ರ ಈಗ ರಸ್ತೆಗೆ ಇಳಿದಿದೆ. 2024ರ ಪೋರ್ಷೆ 911 ಕರೇರಾ ಜಿಟಿಎಸ್‌ನಲ್ಲಿ ಹಿಂದಿನ ಎರಡು ಟರ್ಬೊಗಳ ಜಾಗದಲ್ಲಿ ಒಂದೇ ಟರ್ಬೊ ಇದೆ, ಅದರ ಎರಡು ಗಾಲಿಗಳ ನಡುವೆ ವಿದ್ಯುತ್ ಮೋಟಾರ್. ವೇಸ್ಟ್‌ಗೇಟ್ ಇಲ್ಲ. ಹೆಚ್ಚುವರಿ ಹೊಗೆಯಿಂದ 11 ಕಿಲೋವ್ಯಾಟ್‌ವರೆಗೆ ವಿದ್ಯುತ್ ಬರುತ್ತದೆ. ಕಾಲು ಎಷ್ಟೇ ಒತ್ತಿದರೂ ಮಿಶ್ರಣ 14.7ರ ಹದ ಬಿಡುವುದಿಲ್ಲ. ಪೆಟ್ರೋಲ್ ಸುರಿದು ತಣಿಸುವ ಪದ್ಧತಿಗೆ ಆ ಕಾರಿನಲ್ಲಿ ಜಾಗವಿಲ್ಲ. ಬೆಲೆ ಮಾತ್ರ ನಾನೂ ನೀವೂ ಕೇಳುವಂಥದ್ದಲ್ಲ.

ಇತ್ತ ರೇಸಿನವರು ಅದನ್ನು ಕೈಬಿಟ್ಟರು. ದುಬಾರಿ, ಜಟಿಲ, ಹೊಸ ಕಂಪನಿಗಳು ಹೆದರಿ ಬರುವುದಿಲ್ಲ ಎಂಬ ಕಾರಣಕ್ಕೆ 2026ರ ನಿಯಮಗಳಲ್ಲಿ ಎಂಜಿಯು-ಎಚ್ ಇಲ್ಲ. ಟರ್ಬೊ ಇದೆ, ಇಂಧನದ ಮಿತಿಯೂ ಇದೆ. ಆದರೆ ಪ್ರೋಸ್ಟ್‌ನ ಕಾಲದಲ್ಲಿ ಲೀಟರಿನಲ್ಲಿ ಅಳೆದು, ಆಮೇಲೆ ಕಿಲೋದಲ್ಲಿ ತೂಗಿದ ಇಂಧನವನ್ನು ಈಗ ಅದರೊಳಗಿನ ಶಕ್ತಿಯಲ್ಲೇ ಲೆಕ್ಕ ಹಾಕುತ್ತಾರೆ: ಗಂಟೆಗೆ 3000 ಮೆಗಾಜೂಲ್.